ಬಾಣಂತಿ ಇಲಿಗಳ ಕೌಸಲ್ಯಕ್ಕ

ಬೆಳಕು ಹರಿಯುವ ಮೊದಲೇ ಕೌಸಲ್ಯಕ್ಕ ಬಾಗಿಲು ತೆರೆಯುತ್ತಾರೆ. ಒಳಗೆ ಕೆಂಪು ದೀಪ. ಗೂಡುಗಳಲ್ಲಿ ಉಮಿ ಕೆದರುತ್ತಿದ್ದ ಬಿಳಿ ಇಲಿಗಳೆಲ್ಲ ಒಮ್ಮೆಲೇ ಸ್ತಬ್ಧ. ಅಷ್ಟೂ ಕಣ್ಣುಗಳು ಅವರತ್ತಲೇ. ಹೊಸಬರಿಗೆ ಮೈ ಜುಮ್ಮೆನ್ನಬೇಕು. ಇಷ್ಟು ವರ್ಷವಾದರೂ ಅವರಿಗೂ ಜುಮ್ಮೆನ್ನುತ್ತದೆ.

"ಹೆದರಿಕೆ ಇಲ್ಲ ಅಂತ ಸುಳ್ಳು ಹೇಳುದು ಯಾಕೆ ಮಾರಾಯ್ರೆ? ನಾನು ಮಾತಾಡಿದ ಮೇಲೆಯೇ ಅವು ಅಲ್ಲಾಡುದು," ಎನ್ನುತ್ತಾ ಮಾಸ್ಕ್ ಕಟ್ಟಿಕೊಳ್ಳುತ್ತಾರೆ.

ದರ್ಬೆ ಪೇಟೆಯ ಆಚೆ, ಸಂಶೋಧನಾಲಯವೊಂದರ ಹಿಂಬದಿಯ ಈ ಇಲಿಮನೆಗೆ ಅವರೇ ಯಜಮಾನ್ತಿ. ಪಂಜ ಎಂಬ ಊರಿನ ಹೆಣ್ಣು, ನರಿಮೊಗರು ಊರಿನ ಸೊಸೆ. ಉಮಿ ಬದಲಿಸಿ, ನೀರಿನ ಬಾಟಲಿ ತೊಳೆದು, ಗಬ್ಬದ ಇಲಿಗಳನ್ನು ಬೇರೆ ಮಾಡಿ, ಸತ್ತವನ್ನು ಎತ್ತುವಷ್ಟರಲ್ಲಿ ಮಧ್ಯಾಹ್ನ. ಇಲ್ಲಿಂದ ಹೊರಡುವ ಯಾವ ವರದಿಯಲ್ಲೂ ಅವರ ಹೆಸರಿಲ್ಲ.

ನಡೆಯುತ್ತಿರುವುದು ರಕ್ತ ಕ್ಯಾನ್ಸರಿನ ಸಂಶೋಧನೆ. ಹೊಟ್ಟೆಯೊಳಗಿನ ಮರಿಯ ಜೀವಕೋಶಗಳ ಮೇಲೆ ಒಂದು ಗುರುತು ಇರುತ್ತದೆ, ಹುಟ್ಟುವ ಹೊತ್ತಿಗೆ ಅಳಿಯುತ್ತದೆ. ದೊಡ್ಡ ಇಲಿಗೆ ಈ ರೋಗ ಬಂದರೆ ಕೆಟ್ಟ ಕೋಶಗಳ ಮೇಲೆ ಅದೇ ಗುರುತು ಮತ್ತೆ ಕಾಣಿಸುತ್ತದೆ, ರೋಗವೇ ಇನ್ನೂ ಹುಟ್ಟದ ಮಗುವಿನ ಮುಖ ಹಾಕಿಕೊಂಡು ಬಂದ ಹಾಗೆ. ಹಲವು ಸಲ ಹೆತ್ತ ತಾಯಿ ಇಲಿಯ ರಕ್ತಕ್ಕೆ ಹೊಟ್ಟೆಯ ಮರಿಗಳಿಂದ ಆ ಗುರುತಿನ ಪರಿಚಯವಿರುತ್ತದೆ; ಅದನ್ನು ಹಿಡಿದು ಕ್ಯಾನ್ಸರ್ ಕೋಶಗಳ ಮೇಲೆ ಎರಗಿ ಕೊಲ್ಲುತ್ತದೆ.

ವಿಜ್ಞಾನಿ ಡಾ. ಅಮೀರಾ ಚಹಾದ ಹೊತ್ತಿಗೆ ಇದನ್ನು ವಿವರಿಸಿದಾಗ ಕೌಸಲ್ಯಕ್ಕ ಕೈಯ ಲೋಟ ಕೆಳಗಿಟ್ಟರಂತೆ. ಅವರ ಹೆಣ್ಣುಮಗು ಏಳು ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತ್ತು. "ನಿನ್ನ ರಕ್ತವೇ ಮಗುವನ್ನು ತಿಂದದ್ದು" ಎಂದಿದ್ದರು ಅತ್ತೆ. ಆ ಮಾತು ಇಂದಿಗೂ ಎದೆಯಲ್ಲಿ ಮುಳ್ಳಾಗಿ ಕೂತಿದೆ.

"ಮೇಡಂ, ಗುರುತು ಹಿಡಿಯುವ ರಕ್ತ ಹೊಟ್ಟೆಯ ಮರಿಯನ್ನು ಬಿಡ್ತದಾ?" ಎಂದು ಕೇಳಿಯೇಬಿಟ್ಟರು.

"ಬಿಡ್ತದೆ ಕೌಸಲ್ಯಕ್ಕ. ಮರಿಗೆ ಒಳಗೆ ಕಾವಲು ಉಂಟು. ನಂಬಿಕೆ ಬಾರದಿದ್ರೆ ಆ ಮೂಲೆಯ ಇಲಿಯನ್ನೇ ನೋಡಿ. ಗುರುತು ಹಿಡಿಯುದರಲ್ಲಿ ಅದರ ರಕ್ತವೇ ಎಲ್ಲಕ್ಕಿಂತ ಜೋರು. ಈಗ ಪುನಃ ಗಬ್ಬ."

ಅಂದಿನಿಂದ ಆ ಇಲಿಯ ಮರಿಗಳು ಬದುಕಿ ಹುಟ್ಟುತ್ತವೋ ಎಂಬ ಚಿಂತೆಯಲ್ಲಿ ಅವರಿಗೆ ನಿದ್ದೆ ಅಷ್ಟಕ್ಕಷ್ಟೆ. ಆ ಇಲಿ ನಿನ್ನೆ ರಾತ್ರಿ ಹೆತ್ತಿದೆ.

ಕೌಸಲ್ಯಕ್ಕ ಗೂಡಿನ ಮುಚ್ಚಳ ಸರಿಸುತ್ತಾರೆ. ಕೂದಲಿಲ್ಲದ, ಕಣ್ಣು ತೆರೆಯದ ಮರಿಗಳು ಉಮಿಯ ನಡುವೆ ಗುಪ್ಪೆಯಾಗಿ ಬಿದ್ದಿವೆ. ಒಂದೂ ಮಿಸುಕುತ್ತಿಲ್ಲ. ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ತಾಯಿ ಮೂಸುತ್ತದೆ. ಒಂದು ಹೊರಳುತ್ತದೆ, ಇನ್ನೊಂದು, ಆಮೇಲೆ ಅಷ್ಟೂ. ತೆಳು ಚರ್ಮದೊಳಗಿಂದ ಕುಡಿದ ಹಾಲು ಬೆಳ್ಳಗೆ ಕಾಣುತ್ತಿದೆ.

"ಇವಳ ರಕ್ತ ಇವಕ್ಕೆ ಎಂತದೂ ಮಾಡ್ಲಿಲ್ಲ," ಎನ್ನುತ್ತಾರೆ. ಕಣ್ಣು ತುಂಬಿದೆ. "ನಂದೂ ಮಾಡಿರ್ಲಿಕ್ಕಿಲ್ಲ. ಅತ್ತೆಗೆ ಈಗ ಕಿವಿ ಕೇಳುದಿಲ್ಲ. ಆದ್ರೂ ಇವತ್ತು ಜೋರಾಗಿ ಹೇಳ್ತೇನೆ."