ನೆರೆದವರ ವೀಳ್ಯ

ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳಿಕೊಂಡು ನನ್ನ ಪಾಡಿಗೆ ನಾನಿದ್ದೆ. ನಿವೃತ್ತಿ ಹತ್ತಿರ ಬಂದಾಗ ಕಂಪ್ಯೂಟರ್ ಪಾಠವನ್ನೂ ತಂದು ನನ್ನ ತಲೆಗೆ ಕಟ್ಟಿದರು. ಬೇರೆ ಯಾರೂ ಸಿಗಲಿಲ್ಲವಂತೆ. ಹುಡುಗಿಯರಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಹೋಗಿ, ಮಹಾ ತಿಳಿದವಳ ಹಾಗೆ ಒಪ್ಪಿಸಿ ಬರುತ್ತಿದ್ದೆ.

ಒಂದು ದಿನದ ಪಾಠ ಹೀಗಿತ್ತು. ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಫಂಕ್ಷನ್ ಅಂದರೆ ಒಂದು ಕೆಲಸದ ಕ್ರಮಕ್ಕೆ ಹೆಸರು ಕೊಟ್ಟು ಬರೆದಿಡುವುದು. ಬೇಕಾದಾಗ ಆ ಹೆಸರು ಹಿಡಿದು ಕೂಗಿದರೆ ಕೆಲಸ ನಡೆಯುತ್ತದೆ. ಕೂಗುವಾಗ ಅದರ ಕೈಗೆ ಕೊಡುವ ಸಾಮಾನಿಗೆ ಆರ್ಗ್ಯುಮೆಂಟ್ ಅನ್ನುತ್ತಾರೆ. ಮೊದಲಿನ ಕೆಲವಕ್ಕೆ ಒಂದೊಂದು ಹೆಸರು, ಒಂದೊಂದು ಜಾಗ ಇರುತ್ತದೆ. ಆದರೆ ಎಷ್ಟು ಬರುತ್ತವೋ ಮೊದಲೇ ಗೊತ್ತಿಲ್ಲದಿದ್ದರೆ? ಕೊನೆಗೆ ಇನ್ನೊಂದು ಹೆಸರು ಬರೆದು ಅದರ ಮೊದಲಿಗೆ ನಕ್ಷತ್ರದ ಗುರುತು ಹಾಕಬೇಕು. ಉಳಿದು ಬಂದದ್ದೆಲ್ಲ, ಹತ್ತೇ ಇರಲಿ ನೂರೇ ಇರಲಿ, ಏನೂ ಇಲ್ಲದೇ ಇರಲಿ, ಆ ಒಂದು ಚೀಲದೊಳಗೆ ಬೀಳುತ್ತದೆ. ಚೀಲ ಖಾಲಿಯಿದ್ದರೂ ಯಂತ್ರ ಚಕಾರ ಎತ್ತುವುದಿಲ್ಲ. ಹೆಸರಿಟ್ಟ ಜಾಗ ಒಂದು ಖಾಲಿ ಉಳಿದರೆ ಮಾತ್ರ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮ್ಯಾಡಂ, ಚೀಲದಲ್ಲಿರೋರಿಗೆ ಹೆಸರೇ ಇರಲ್ವಾ?"

"ಇರಲ್ಲ" ಎಂದೆ. ಅಂದವಳು ಸೀಮೆಸುಣ್ಣ ಮೇಜಿನ ಮೇಲಿಟ್ಟೆ. ನನಗೆ ಅತ್ತೆ ನೆನಪಾಗಿದ್ದಳು.

ಅತ್ತೆ ಎಂದರೆ ನನ್ನಪ್ಪನ ತಂಗಿ. ಹೊನ್ನೂರಿನ ಪಕ್ಕದ ನಮ್ಮ ಹಳ್ಳಿಯಿಂದ ಮದುವೆಯಾಗಿ ಹೋಗಿ ಕೆಲವು ವರ್ಷ ಬಾಳಿದವಳು. ಗಂಡ ಇನ್ನೊಬ್ಬಳನ್ನು ಕರೆತಂದು ಅದೇ ಮನೆಯಲ್ಲಿ ಕೂರಿಸಿದ ಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟುಬಂದಳು. ಅಪ್ಪ, "ಓಗು, ಒಂದ್ಕಂಡು ಬಾಳು" ಎಂದ. ಅವಳು ಅಲ್ಲಿಗೂ ಹೋಗಲಿಲ್ಲ, ನಮ್ಮ ಮನೆಯಲ್ಲೂ ನಿಲ್ಲಲಿಲ್ಲ. ಕೊಳ್ಳೇಗಾಲದಲ್ಲಿ ಒಂದು ಪುಟ್ಟ ಮನೆ ಹಿಡಿದು, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸಕ್ಕೆ ಸೇರಿಕೊಂಡಳು. ಅವತ್ತಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟ. ಮನೆಯಲ್ಲಿ ಅವಳ ಸುದ್ದಿ ಬಂದರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದ. ದನಗಳಿಗೆ ಆ ದಿನ ಹುಲ್ಲು ಜಾಸ್ತಿ.

ಹೈಸ್ಕೂಲು ಮುಗಿದು ನಾನು ಮುಂದೆ ಓದುತ್ತೇನೆಂದು ಹಟ ಹಿಡಿದಾಗ ಅವ್ವ ಯಾರನ್ನೂ ಕೇಳದೆ ನನ್ನನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಅತ್ತೆಯ ಮನೆಯಲ್ಲಿ ಬಿಟ್ಟು ಬಂದಳು. ಅಪ್ಪ ಗೋಡೆ ನೋಡಿಕೊಂಡು "ಓದೋ ಗಂಟ ಇರ್ಲಿ" ಅಂದನಂತೆ. ಗೋಡೆ ಒಪ್ಪಿಕೊಂಡಿತು, ನಾನು ಉಳಿದೆ.

ಆ ಮನೆಯಲ್ಲಿ ಬೆಂದ ಗೂಡಿನ ವಾಸನೆ ಬಟ್ಟೆಗೆ, ಪುಸ್ತಕಕ್ಕೆ, ಕಡೆಗೆ ಮಜ್ಜಿಗೆಗೂ ಹತ್ತಿತ್ತು. ಮೊದಲು ವಾಕರಿಕೆ ಬರುತ್ತಿತ್ತು. ಆಮೇಲೆ ಊರಿಗೆ ಹೋದಾಗ ಆ ವಾಸನೆ ಇಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಅತ್ತೆಯ ಬೆರಳುಗಳು ಇಡೀ ದಿನ ಬಿಸಿನೀರಿನಲ್ಲಿದ್ದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸಂಜೆ ಬಂದವಳೇ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತು, "ಇವತ್ತೇನ್ ಕಲ್ತೆ, ಯೋಳು" ಅನ್ನುತ್ತಿದ್ದಳು. ಅರ್ಥವಾಗದಿದ್ದರೆ ನನಗೇ ಬೈಯುತ್ತಿದ್ದಳು, ಸರಿಯಾಗಿ ಹೇಳಿಲ್ಲವೆಂದು. ನಾನು ಮೇಷ್ಟ್ರಾದದ್ದು ಆ ಬೈಗುಳದಿಂದಲೇ ಇರಬೇಕು. ನನಗೆ ಅವಳ ಮೇಲೆ ಹೆತ್ತವ್ವನಿಗಿಂತ ಒಂದು ತೂಕ ಹೆಚ್ಚೇ ಪ್ರೀತಿಯಿತ್ತು. ಅದನ್ನು ಹೇಳಲು ನನಗೆ ಸಂಕೋಚವಿಲ್ಲ.

ಪರೀಕ್ಷೆ ಹತ್ತಿರದಲ್ಲಿದ್ದಾಗ ಹನೂರಿನ ಕಡೆಯಿಂದ ಒಂದು ಸಂಬಂಧ ಬಂತು. ನಾನು ಊರಿಗೆ ಹೋಗುವ ಹಾಗಿರಲಿಲ್ಲ. ಅವರಿಗೂ ಕೊಳ್ಳೇಗಾಲ ದಾರಿಯ ಮೇಲೇ. ಹಾಗಾಗಿ ಹುಡುಗ, ಅವನ ಮನೆಯವರು, ಅವರ ಊರಿನ ಯಜಮಾನರು ಬಸ್ಸಿಳಿದು ಅತ್ತೆಯ ಮನೆಗೇ ಬಂದರು. ಕಾಲಿಡಲು ಜಾಗವಿಲ್ಲದ ಮನೆಯಲ್ಲಿ ಅತ್ತೆ ಅವರನ್ನು ಹೇಗೋ ಕೂರಿಸಿ, ಉಪ್ಪಿಟ್ಟು ಕಾಫಿ ಕೊಟ್ಟು ಕಳಿಸಿದಳು. ಆ ಯಜಮಾನರು ಹೋಗುವಾಗ ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದರು. ಹುಡುಗ ಒಪ್ಪಿದ. ನಾನೂ ಒಪ್ಪಿದೆ, ನನ್ನನ್ನು ಯಾರೂ ಕೇಳದಿದ್ದರೂ.

ನಮ್ಮ ಕಡೆ ಮದುವೆಗೆ ಮುಂಚೆ ಹೆಣ್ಣಿನ ಮನೆಯಲ್ಲಿ ವೀಳ್ಯದ ಶಾಸ್ತ್ರ ನಡೆಯುತ್ತಿತ್ತು. ಎರಡೂ ಕಡೆಯವರು ಎದುರುಬದುರು ಕೂರುತ್ತಾರೆ. ತಟ್ಟೆಯಲ್ಲಿ ಎಲೆಯಡಿಕೆ ಪೇರಿಸಿಟ್ಟುಕೊಂಡು ಊರಿನ ಯಜಮಾನರು ಒಂದೊಂದೇ ವೀಳ್ಯ ಕೂಗುತ್ತಾರೆ. ಮೊದಲು ದೇವರಿಗೆ, ಗುರುವಿಗೆ, ಊರಿಗೆ, ಆಮೇಲೆ ಹೆಣ್ಣಿನ ತಂದೆಯ ಮನೆಗೆ, ಸೋದರಮಾವನ ಮನೆಗೆ, ಹೀಗೆ. ಕೂಗಿದ ಮನೆಯವರು ಎದ್ದು ಬಂದು ಇಸಿದುಕೊಂಡ ಮೇಲೇ ಮುಂದಿನದು. ಎಲ್ಲ ಮುಗಿದ ಮೇಲೆ ಕೊನೆಯದು ನೆರೆದವರ ವೀಳ್ಯ. ಚಪ್ಪರದಲ್ಲಿ ಎಷ್ಟು ಜನ ಇದ್ದರೆ ಅಷ್ಟು ಜನಕ್ಕೆ. ಅದರಲ್ಲಿ ಯಾರ ಹೆಸರೂ ಇಲ್ಲ, ಲೆಕ್ಕವೂ ಇಲ್ಲ.

ಅತ್ತೆಯ ಮನೆಗೂ ಒಂದು ವೀಳ್ಯ ಕೂಗಿಸಬೇಕು ಎಂದು ನಾನು ಅಪ್ಪನ ಮುಂದೆ ನಿಂತೆ.

"ಯಾವ ಮನೆ ಅಂತ ಕೂಗ್ಸದು?" ಎಂದ ಅಪ್ಪ. "ಗಂಡನ ಮನೆ ಬುಟ್ಬಂದವ್ಳೆ. ಇದು ಅವ್ಳ ಮನೆ ಅಲ್ಲ. ಬಾಡ್ಗೆ ಮನೇಗೆ ಈಳ್ಯ ಕೂಗ್ತಾರಾ?"

ನಮ್ಮೂರಿನ ಯಜಮಾನರು ಅಲ್ಲೇ ಕೂತು ಎಲೆ ಮೆಲ್ಲುತ್ತಿದ್ದರು. ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ಕೊನೇಗೆ ನೆರೆದೋರ ಈಳ್ಯ ಅದಲ್ಲ ಕೂಸೆ. ಅದ್ರಲ್ಲಿ ಎಲ್ರೂ ಬಂದ್ರು. ಯಾರ್ನೂ ಬುಟ್ಟಂಗಾಗಾಕಿಲ್ಲ."

ಅದು ನಿಜವೇ. ಯಾರನ್ನೂ ಬಿಟ್ಟಂತಾಗುವುದಿಲ್ಲ. ಆದರೆ ಯಾರನ್ನಾದರೂ ಕಾಣದ ಹಾಗೆ ಮಾಡಬೇಕಾದರೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನನಗೆ ಅವತ್ತೇ ಹೊಳೆಯಿತು. ಕೋಪ ನೆತ್ತಿಗೇರಿತು. ಕೊಳ್ಳೇಗಾಲಕ್ಕೆ ವಾಪಸು ಹೋದವಳೇ, ನಿನ್ನ ಮನೆ ಕೂಗದಿದ್ದರೆ ನಾನು ಹಸೆಗೆ ಕೂರುವುದಿಲ್ಲ ಎಂದು ಅತ್ತೆಯೆದುರು ಕೂಗಾಡಿದೆ.

"ಬಾಯ್ಮುಚ್ಚು" ಎಂದಳು ಅತ್ತೆ. "ನೆರೆದೋರಲ್ಲಿ ಒಬ್ಳಾಗಿ ಬತ್ತೀನಿ. ನಿನ್ನ ಕಣ್ತುಂಬ ನೋಡುದ್ರೆ ಸಾಕು ನಂಗೆ." ಹಾಗಂದು ಕಾಫಿ ಲೋಟ ಕೆಳಗಿಟ್ಟಳು. ಅವತ್ತು ಅದನ್ನು ಕುಡಿಯಲಿಲ್ಲ. ಅವಳಿಗೆ ನೋವಾಗಿತ್ತು.

ಶಾಸ್ತ್ರದ ದಿನ ಬೆಳಗಿನ ಬಸ್ಸಿಗೆ ಹೊನ್ನೂರಿನಲ್ಲಿಳಿದು ನಡೆದುಕೊಂಡು ಬಂದಳು. ಚಪ್ಪರದ ಕಡೆ ತಲೆಯೆತ್ತಿಯೂ ನೋಡದೆ ಹಿತ್ತಲಿಗೆ ಹೋಗಿ, ಗದ್ದೆ ಕೆಲಸಕ್ಕೆ ಬರುವ ಹೆಂಗಸರ ಜೊತೆ ಕೂತು ಪಾತ್ರೆ ಬೆಳಗಲು ಶುರುಮಾಡಿದಳು. ಅಪ್ಪ ನೋಡಿದ, ನೋಡಲಿಲ್ಲವೆಂಬಂತೆ ಹೋದ. ನಾನು ಸೀರೆ ಉಟ್ಟು ನಡುಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅಲ್ಲಿಂದ ಚಪ್ಪರದ ಮಾತೂ ಹಿತ್ತಲಿನ ಪಾತ್ರೆ ಸದ್ದೂ ಎರಡೂ ಕೇಳುತ್ತಿದ್ದವು.

ನಮ್ಮೂರಿನ ಯಜಮಾನರು ಕೂಗುತ್ತ ಬಂದರು. ದೇವರು, ಗುರು, ಊರು, ಮನೆಗಳು. ಒಬ್ಬೊಬ್ಬರೇ ಎದ್ದು ಟವೆಲ್ಲಿನಲ್ಲಿ ವೀಳ್ಯ ಇಸಿದುಕೊಂಡು ಕೂತರು. ಕೊನೆಗೆ ನೆರೆದವರ ವೀಳ್ಯವೆಂದು ತಟ್ಟೆ ಎತ್ತುವಷ್ಟರಲ್ಲಿ ಹನೂರಿನ ಯಜಮಾನರು ಕೈ ಅಡ್ಡ ಮಾಡಿದರು.

"ತಡೀರಿ. ಎಣ್ಣು ನೋಡಿದ ಮನೆ ಈಳ್ಯ ಎಲ್ಲಿ?"

"ನಮ್ಮಲ್ಲಿ ಅಂಥದಿಲ್ಲ ಕಣ್ರಿ" ಎಂದರು ನಮ್ಮವರು. ಹಿಂದಿನಿಂದ ಯಾರೋ "ಅದು ಮದ್ರಾಸ್ ಸೀಮೆ ಪದ್ಧತಿ ಕಣ್ಲಾ" ಎಂದರು. ನಗು ಎದ್ದಿತು. ಕೊಳ್ಳೇಗಾಲ, ಹನೂರು ಮದರಾಸು ಬಿಟ್ಟು ಮೈಸೂರಿಗೆ ಸೇರಿ ವರ್ಷಗಳೇ ಆಗಿದ್ದವು. ಆದರೂ ಯಳಂದೂರಿನ ಕಡೆಯ ನಾವು ಆ ಮಾತಾಡಿ ಹಂಗಿಸುವುದನ್ನು ಬಿಟ್ಟಿರಲಿಲ್ಲ.

ಹನೂರಿನ ಯಜಮಾನರು ನಗಲಿಲ್ಲ. "ಯಾವ ಸೀಮೇದಾದ್ರೂ ಆಗ್ಲಿ. ಅಪ್ಪನ ಮನೇಲೇ ಎಣ್ಣು ನೋಡಿದ್ರೆ ಬ್ಯಾರೆ ಕೂಗಾಕಿಲ್ಲ, ಅಪ್ಪನ ಮನೆ ಈಳ್ಯದಲ್ಲೇ ಸೇರ್ಕತದೆ. ನಾವು ನೋಡಿದ್ದು ಕೊಳ್ಳೇಗಾಲದಲ್ಲಿ. ಆ ಮನೆ ಹೊಸ್ಲು ದಾಟಿವ್ನಿ, ನೀರು ಕುಡ್ದಿವ್ನಿ. ಅದ ಬುಟ್ಟು ಮುಂದಕ್ಕೋದ್ರೆ ಈ ಶಾಸ್ತ್ರ ನಮ್ಗೆ ಪೂರ್ತಿ ಆಗಾಕಿಲ್ಲ."

ಎಲ್ಲರೂ ಅಪ್ಪನ ಕಡೆ ನೋಡುತ್ತಿದ್ದರೆಂದು ಆಮೇಲೆ ಅವ್ವ ಹೇಳಿದಳು. ಇಲ್ಲವೆಂದರೆ ಸಂಬಂಧ ಮುರಿಯುತ್ತದೆ. ಹೂಂ ಎಂದರೆ ಇಷ್ಟು ವರ್ಷ ಇಲ್ಲವೆಂದಿದ್ದ ಮನೆಯನ್ನು ಊರೆದುರು ಇದೆ ಎಂದ ಹಾಗಾಗುತ್ತದೆ. ನಾನು ಕಿವಿಗೊಟ್ಟು ಕೂತಿದ್ದೆ, ಮದುವೆಗಾಗಿ ಅಲ್ಲ.

"ಕೂಗಿ" ಎಂದ ಅಪ್ಪ.

"ಕೊಳ್ಳೇಗಾಲದ ಮನೆ ಈಳ್ಯ! ಯಾರಪ್ಪಾ ಈಸ್ಕಳೋರು?"

ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ಕೂಗಿದ ವೀಳ್ಯವನ್ನು ಮತ್ತೆ ತಟ್ಟೆಗೆ ಹಾಕುವ ಹಾಗಿಲ್ಲ. ಅಷ್ಟು ಜನ ಕಾಯುತ್ತ ಕೂತರು. ಯಾರೋ ಹಿತ್ತಲಿಗೆ ಓಡಿ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಅತ್ತೆಯ ಗಂಟಲು ನನಗೆ ಚೆನ್ನಾಗಿ ಕೇಳಿಸಿತು: "ನಾನು ನೆರೆದೋರಲ್ಲಿ ಬಂದಿವ್ನಿ ಅಂತ ಯೋಳಿ. ನಂಗ್ಯಾವ ಮನೆ?" ಪಾತ್ರೆ ಉಜ್ಜುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಆಗ ಅಪ್ಪ ಎದ್ದ. ನನ್ನ ಪಕ್ಕದಲ್ಲೇ ದಾಟಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ. ಅಷ್ಟು ವರ್ಷದ ಮೇಲೆ ಅವನು ತಂಗಿಗೆ ಆಡಿದ ಮೊದಲ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದೆ.

"ಬಾ. ನಿನ್ ಮನೇನ ಕೂಗ್ತಾವ್ರೆ."

ಅತ್ತೆ ಪಾತ್ರೆ ಕೆಳಗಿಟ್ಟಳು. ಕೈ ತೊಳೆದಳು. ಸೆರಗು ಕೊಡವಿ ಹೊದ್ದು, ಚಪ್ಪರದ ನಡುವೆ ಹೋಗಿ ನಿಂತು ಸೆರಗೊಡ್ಡಿದಳು. ಹನೂರಿನ ಯಜಮಾನರು ತಾವೇ ಎದ್ದು ಎಲೆ, ಅಡಿಕೆ, ತೆಂಗಿನಕಾಯಿ ಹಾಕಿದರು. ಅವಳು ತಲೆಬಾಗಿ ಇಸಿದುಕೊಂಡು ಕಂಬದ ಪಕ್ಕಕ್ಕೆ ಸರಿದಳು. ಆಮೇಲೆ ನೆರೆದವರ ವೀಳ್ಯ ಕೂಗಿ ತಟ್ಟೆ ಹಂಚುತ್ತಾ ಬಂದಾಗ ಮತ್ತೆ ಸೆರಗೊಡ್ಡಿದಳು.

"ನಿಂದಾಯ್ತಲ್ಲವ್ವ" ಎಂದರು ನಮ್ಮೂರಿನ ಯಜಮಾನರು.

"ಅದು ಮನೇದು ಕಣಣ್ಣ. ಇದು ನಂದು. ಬೆಳಿಗ್ಗೆ ನೀವ್ಯಾರೂ ಕೂಗ್ದೇ ಇದ್ದಾಗ ನೆರೆದೋರ ಜೊತೆಲೇ ಬಂದಿದ್ದು. ಈಗ ಅವ್ರ ಬುಟ್ಬುಡ್ಲಾ?"

ಮೊದಲು ನಕ್ಕವರು ಹಿತ್ತಲ ಬಾಗಿಲಲ್ಲಿ ಇಣುಕುತ್ತಿದ್ದ ಕೆಲಸದ ಹೆಂಗಸರು. ಆಮೇಲೆ ಇಡೀ ಚಪ್ಪರವೇ ನಕ್ಕಿತು. ತಲೆ ತಗ್ಗಿಸಿ ಕೂರಬೇಕಾದ ನಾನು ನಗುತ್ತಾ ಅಳುತ್ತಾ ಕಾಡಿಗೆಯನ್ನೆಲ್ಲ ಕೆನ್ನೆಗೆ ಬಳಿದುಕೊಂಡೆ. ನನಗೆ ಕಾಡಿಗೆ ಹಚ್ಚಿದ್ದ ಅತ್ತಿಗೆ ಬೈದಳು.

ಅಣ್ಣ ತಂಗಿ ಅವತ್ತಿನಿಂದ ಹಾಲು ಜೇನಾದರು ಎಂದರೆ ಸುಳ್ಳಾದೀತು. ಅಪ್ಪ ಕೊಳ್ಳೇಗಾಲಕ್ಕೆ ಹೋದಾಗ ಅವಳ ಮನೆಗೆ ಹೋಗಿ, ಕೂರದೆ, ನಿಂತೇ ಕಾಫಿ ಕುಡಿದು ಬರುತ್ತಿದ್ದ. ಮಳೆ, ಭತ್ತ, ದನ, ಇಷ್ಟೇ ಮಾತು. ಕೆಲವು ವರ್ಷಗಳ ಮೇಲೆ ಕೂತು ಕುಡಿಯತೊಡಗಿದನೆಂದು ಅತ್ತೆ ನನಗೆ ಗುಟ್ಟಿನಲ್ಲಿ ಹೇಳಿದಳು, ದೊಡ್ಡ ಸುದ್ದಿ ಎಂಬಂತೆ. ದೊಡ್ಡ ಸುದ್ದಿಯೇ ಅದು.

ಎಪ್ಪತ್ತರ ದಶಕದಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡಳು. ಅವಳ ಮನೆಗೆ ಬೇರೆ ಯಾರೋ ಬಾಡಿಗೆಗೆ ಬಂದರು. ಆಮೇಲೆ ನನ್ನ ತಂಗಿಯ ವೀಳ್ಯದ ಶಾಸ್ತ್ರ. ಅವಳನ್ನು ನೋಡಿದ್ದು ನಮ್ಮ ಮನೆಯಲ್ಲೇ, ಗಂಡಿನ ಕಡೆಯವರು ಯಳಂದೂರಿನವರೇ. ಬೇರೆ ವೀಳ್ಯದ ಮಾತೇ ಬರುವ ಹಾಗಿರಲಿಲ್ಲ. ನಾನು ಗಂಡ ಮಕ್ಕಳ ಜೊತೆ ಬಂದು ಹೆಂಗಸರ ನಡುವೆ ಕೂತಿದ್ದೆ. ನಮ್ಮೂರಿನ ಯಜಮಾನರು ಎಲ್ಲ ಮನೆ ಕೂಗಿ ಮುಗಿಸಿ, ನೆರೆದವರ ತಟ್ಟೆ ಎತ್ತುವ ಮೊದಲು ಒಂದು ಗಳಿಗೆ ತಡೆದು ಅಪ್ಪನ ಕಡೆ ನೋಡಿದರು.

ಅಪ್ಪ ತಾನೇ ಎದ್ದು ಕೂಗಿದ.

"ಕೊಳ್ಳೇಗಾಲದ ಮನೆ ಈಳ್ಯ!"

ಗಂಡಿನ ಕಡೆಯವರು ಯಾರು ಬರುತ್ತಾರೆಂದು ಸುತ್ತ ನೋಡಿದರು. ಯಾರೂ ಬರಲಿಲ್ಲ. ಅಪ್ಪ ಎರಡನೆಯ ಸಲ ಕೂಗಿದ. ನಾನು ಎದ್ದೆ. ಚಪ್ಪರದ ನಡುವೆ ಹೋಗಿ ಸೆರಗೊಡ್ಡಿ ನಿಂತೆ. ಅಪ್ಪ ಎಲೆ, ಅಡಿಕೆ, ತೆಂಗಿನಕಾಯಿ ಹಾಕಿದ. ನನ್ನ ಮುಖ ನೋಡಲಿಲ್ಲ. ನನಗೂ ಅವನನ್ನು ನೋಡಲು ಆಗಲಿಲ್ಲ.

ಆಮೇಲೆ ನೆರೆದವರ ತಟ್ಟೆ ಬಂತು. ನಾನು ಮತ್ತೆ ಸೆರಗೊಡ್ಡಿದೆ.

"ನಿಮ್ದಾಯ್ತಲ್ಲಮ್ಮ" ಎಂದ, ತಟ್ಟೆ ಹಿಡಿದಿದ್ದ ಗಂಡಿನ ಕಡೆಯವನು.

ಅಪ್ಪ ಕಂಬದ ಹತ್ತಿರದಿಂದಲೇ ಹೇಳಿದ: "ಕೊಡಪ್ಪ. ಆ ಮನೆಯೋರು ಎರಡು ಈಸ್ಕತಾರೆ."