ಮುಂಡಾಸಿನೊಳಗಿನ ಹೆಡ್‌ಫೋನ್

ಕಾರ್ಕಳದ ಬಸ್‌ಸ್ಟ್ಯಾಂಡಿನ ಹೊಟೇಲುಗಳಲ್ಲಿ ಈಗ ಚಹಾದ ಜೊತೆಗೆ ಒಂದು ಕತೆ ಪುಕ್ಕಟೆ. ಉದ್ಯಾವರದ ಸಂಜೀವಣ್ಣನ ಬಾಯಿ ಕಟ್ಟಿತಂತೆ. ತಾಳಮದ್ದಳೆಯಲ್ಲಿ ಕಾರ್ಕಳದ ವಕೀಲರು ಹಾಕಿದ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಗರ ಬಡಿದವರಂತೆ ಕುಳಿತರಂತೆ. ಭಾಗವತರು ಮುಂದಿನ ಪದ ಎತ್ತಿಕೊಂಡು ಮರ್ಯಾದೆ ಉಳಿಸಿದರಂತೆ.

ಇಷ್ಟೊಂದು ‘ಅಂತೆ’ ಯಾಕೆ? ಹೇಳುವವರಲ್ಲಿ ಅರ್ಧ ಜನ ಅಂದು ಬಂದವರೇ ಅಲ್ಲ. ನಾನು ಇದ್ದೆ. ವೇದಿಕೆಯ ಬದಿಯಲ್ಲಿ, ಮೈಕಿನವನ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದೆ.

ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಪಾಠ ಒಂದುಂಟು. ಎದುರಾಳಿ ಸುಮ್ಮನಾದರೆ ಚಪ್ಪಾಳೆ ತಟ್ಟುವ ಮೊದಲು, ಪ್ರಶ್ನೆ ಅವನಿಗೆ ಮುಟ್ಟಿತೋ ಇಲ್ಲವೋ ನೋಡು. ನಮ್ಮ ಊರಿನ ತೀರ್ಪುಗಾರರಿಗೆ ಆ ತಾಳ್ಮೆ ಎಲ್ಲಿದೆ?

(ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಕುರ್ಚಿಯಲ್ಲಿ ಕುಳಿತವರು ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಂಡು ಬರುವ ಹಾಗಿಲ್ಲ. ಎದುರಿನವನು ಏನು ಕೇಳಿದನೋ ಅದಕ್ಕೆ ಅಲ್ಲೇ ಉತ್ತರ. ಅಂದರೆ ನಾಲಗೆಗಿಂತ ಮೊದಲು ಕಿವಿ ಬೇಕು.)

ಸಂಜೀವಣ್ಣನ ಕಿವಿ ಹೋದದ್ದು ಕಡಲಲ್ಲಿ. ಅವರು ಮಲ್ಪೆಯ ಬೋಟಿನಲ್ಲಿ ತಾಂಡೇಲರಾಗಿದ್ದವರು. ಬೋಟಿನ ಯಜಮಾನಿಕೆ ಬೇರೆಯವರದ್ದು, ಬೋಟು ನಡೆಸುವ ಜವಾಬ್ದಾರಿ ಇವರದ್ದು. ಡೀಸೆಲ್ ಇಂಜಿನ್ನಿನ ನೆತ್ತಿಯ ಮೇಲೆಯೇ ಕುಳಿತು ಸಂಸಾರ ಸಾಕಿದರು. ಇಂಜಿನ್ ಮೀನು ಕೊಟ್ಟಿತು, ಕಿವಿ ತೆಗೆದುಕೊಂಡಿತು. ದಡಕ್ಕೆ ಬಂದ ಮೇಲೆ ಬಲೆ ಹೆಣೆದು ಜೀವನ, ರಾತ್ರಿ ತಾಳಮದ್ದಳೆಯ ಕುರ್ಚಿಯಲ್ಲಿ ಅರ್ಥಗಾರಿಕೆ. ಬಹಳ ಕಾಲ ಅವರು ಎದುರಾಳಿಯ ತುಟಿ ನೋಡಿ ಸುಧಾರಿಸಿದರು. ಆಮೇಲೆ ಊರೂರಿಗೂ ಮೈಕು ಬಂತು. ಮೈಕು ಬಂದು ಸಭೆಗೆಲ್ಲ ಮಾತು ಕೇಳಿಸಿತು, ಸಂಜೀವಣ್ಣನಿಗೆ ಮಾತ್ರ ಎದುರಿನವನ ಬಾಯಿ ಮರೆಯಾಯಿತು.

ಕಾರ್ಕಳದ ಕೂಟ ನಿಗದಿಯಾದ ಮೇಲೆ ಅವರು ನನ್ನನ್ನು ಹುಡುಕಿಕೊಂಡು ಬಂದರು.

“ಮಣಿಪಾಲದ ಕಿವಿ ಡಾಕ್ಟ್ರು ಒಂದು ಮಿಷನ್ ಹೇಳಿದ್ದಾರೆ. ಅದರ ಕ್ರಯಕ್ಕೆ ಒಂದು ಬಲೆಯೇ ಬರ್ತದೆ. ಕಡಿಮೆಯದ್ದು ಒಂದನ್ನು ನೆರೆಯವರಿಂದ ತಂದು ನೋಡಿದೆ. ಚೆಂಡೆಗೆ ಪೆಟ್ಟು ಬಿದ್ದದ್ದೇ ಬಿದ್ದದ್ದು, ಬೋಟು ಬಂಡೆಗೆ ಹೊಡೆದ ಹಾಗೆ ಆಯ್ತು ಮಾರಾಯ. ನೀನು ಡಿಬೇಟಿನವ. ಎಂತಾದರೂ ದಾರಿ ಉಂಟಾ?”

ಡಿಬೇಟಿಗೂ ಕಿವಿಗೂ ಏನು ಸಂಬಂಧ? ಕೇಳಲಿಲ್ಲ. ದಾರಿಯೊಂದು ಹೊಳೆದಿತ್ತು. ಎದುರಾಳಿಯ ಮಾತು ಹೇಗೂ ಮೈಕಿನೊಳಗೆ ಹೋಗುತ್ತದೆ. ಮೈಕಿನವನ ಪೆಟ್ಟಿಗೆಯಿಂದ ಒಂದು ವಯರು ಎಳೆದರೆ? ನಡುವೆ ಒಂದು ಪುಟ್ಟ ಆಂಪ್ಲಿಫೈಯರು, ಕಿವಿಗೆ ಹೆಡ್‌ಫೋನು, ದೊಡ್ಡದು ಸಣ್ಣದು ಮಾಡುವ ತಿರುಪು ಅವರ ಕೈಯಲ್ಲೇ. ಚೆಂಡೆ ಬಡಿಯುವಾಗ ಇಳಿಸುವುದು, ಮಾತು ಶುರುವಾದಾಗ ಏರಿಸುವುದು.

ಸಂಜೀವಣ್ಣ ಒಂದೇ ಷರತ್ತು ಹಾಕಿದರು. “ಜನರಿಗೆ ಕಾಣ್ಲಿಕ್ಕೆ ಬಾರದು. ಮುಂಡಾಸಿನ ಒಳಗೆ ನಿಲ್ಲಬೇಕು.”

ಕಾಪುವಿನಲ್ಲಿ ಇದ್ದಿನಬ್ಬನವರ ಅಂಗಡಿ ಇದೆ. ತಮ್ಮ ಗಲ್ಫಿನಿಂದ ಟೇಪು ರೇಡಿಯೋ ತರುತ್ತಾನೆ, ಅಣ್ಣ ಇಲ್ಲಿ ಮಾರುತ್ತಾರೆ. ಅವರು ಕಪ್ಪಗೆ ಮಿಂಚುವ ಒಂದು ಜಪಾನಿ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಸ್ವಿಚ್ಚು ಹಾಕಿದರೆ ಹಸಿರು ಕೆಂಪು ದೀಪಗಳು ಏರಿ ಇಳಿದವು. ಕ್ರಯ ಕೇಳಿ ನಾವಿಬ್ಬರೂ ದೀಪಗಳನ್ನೇ ನೋಡುತ್ತಾ ನಿಂತೆವು.

ನಾನು ವಾದಕ್ಕಿಳಿದೆ. “ಇವರಿಗೆ ಬೇಕಾದ್ದು ಶಬ್ದ. ಲೈಟಿಗೆ ಯಾಕೆ ದುಡ್ಡು ಕೊಡಬೇಕು?”

“ಹಾಗಾದ್ರೆ ಒಂದು ಕೆಲಸ ಮಾಡುವ ಮಾರಾಯ್ರೆ,” ಇದ್ದಿನಬ್ಬ ನಗಲಿಲ್ಲ. “ಲೈಟು ಕಿತ್ತು ನೀವು ಕೊಂಡೋಗಿ. ಉಳಿದದ್ದು ನನಗಿರ್ಲಿ.”

ಮೊದಲ ಸುತ್ತು ಅವರದ್ದು. ಅಲ್ಲಿ ನಮಗೆ ದಕ್ಕಿದ್ದು ಸಪೂರ ತಂತಿಯ, ಸ್ಪಂಜಿನ ಬಿಲ್ಲೆಗಳಿರುವ ಒಂದು ಹೆಡ್‌ಫೋನ್ ಮಾತ್ರ. ಯಾರೋ ವಾಕ್‌ಮನ್ ಕೆಟ್ಟ ಮೇಲೆ ಬಿಟ್ಟುಹೋದದ್ದು. ಮುಂಡಾಸಿಗೆ ಅದೇ ಸರಿ.

ಆಂಪ್ಲಿಫೈಯರಿಗಾಗಿ ಉಡುಪಿಗೆ ಹೋದೆವು. ರೇಡಿಯೋ ರಿಪೇರಿಯ ಕಾಮತರು ಮಾಡಿಕೊಡಲು ಒಪ್ಪಿದರು. ಆದರೆ ಅವರ ಕನಸುಗಳು ನಮ್ಮ ಜೇಬಿಗಿಂತ ದೊಡ್ಡವು.

“ಬಾಸ್ ಹೆಚ್ಚು ಬೇಕಾ, ಟ್ರೆಬಲ್ ಬೇಕಾ?”

ನಾನು ಕಿವಿಯ ಹತ್ತಿರ ಕೂಗಿ ತಿಳಿಸಿದೆ. ಸಂಜೀವಣ್ಣ ಹೇಳಿದರು: “ನನಗೆ ಮಾತು ಬೇಕು.”

“ಸ್ಟೀರಿಯೋ ಮಾಡಿ ಕೊಡ್ತೇನೆ ಸಂಜೀವಣ್ಣ. ಸ್ವಲ್ಪ ಹೆಚ್ಚಾಗ್ತದೆ. ಎರಡು ಕಿವಿಗೆ ಬೇರೆ ಬೇರೆ!”

“ಎದುರು ಕೂರುವುದು ಒಬ್ಬ ವಕೀಲ. ಅವನೇ ಹೆಚ್ಚು. ಎರಡು ಮಾಡಬೇಡಿ ಕಾಮತರೆ.”

ಕಾಮತರು ಹಳೆಯ ಸೆಟ್ಟಿನ ಬಿಡಿಭಾಗಗಳನ್ನು ಜೋಡಿಸಿ, ಅಲ್ಯೂಮಿನಿಯಂ ಬುತ್ತಿಪೆಟ್ಟಿಗೆಯೊಳಗೆ ಕೂರಿಸಿದರು. ನೋಡಲು ಚಂದವಿಲ್ಲ. ಸ್ವಲ್ಪ ಗುಂಯ್‌ಗುಡುತ್ತಿತ್ತು. ಕಡಿಮೆ ದುಡ್ಡಿನವರು ಯಾವುದನ್ನು ಬಿಡಬೇಕು ಎಂದು ಮೊದಲು ತೀರ್ಮಾನಿಸಬೇಕು. ನಾವು ಚಂದ ಬಿಟ್ಟೆವು, ಗುಂಯ್ ಒಪ್ಪಿಕೊಂಡೆವು.

ಪರೀಕ್ಷೆಗೆಂದು ಒಂದು ಮೈಕನ್ನು ಅಂಗಡಿಯ ಒಳಕೋಣೆಯಲ್ಲಿಟ್ಟರು. ಅಲ್ಲಿ ಫ್ಯಾನ್ ರಿಪೇರಿಗೆ ಬಂದಿದ್ದ ಗಿರಾಕಿಯೊಬ್ಬರಿದ್ದರು. ಮೈಕು ಬದುಕಿದೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿಲ್ಲ. ಹೊರಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ಸಂಜೀವಣ್ಣನ ಮುಖ ಒಮ್ಮೆಲೇ ಅರಳಿತು.

“ಕೇಳಿತು! ‘ಈ ಮುದುಕನಿಗೆ ಇದೆಲ್ಲ ಎಂತಕ್ಕೆ’ ಅಂತ ಒಳಗೆ ಯಾರೋ ಹೇಳಿದ್ರು. ಬೈದದ್ದು ಸರೀ ಕೇಳಿತು ಮಾರಾಯ!”

ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಕಾರ್ಕಳದಲ್ಲಿ ಕೂಟ ಶುರುವಾಗುವ ಮೊದಲು ಸಂಜೀವಣ್ಣ ನಾನು ಬೇಡವೆಂದರೂ ಕೇಳದೆ ವಕೀಲರ ಬಳಿಗೆ ಹೋದರು. ಶಾಲು ಸರಿಸಿ ಪೆಟ್ಟಿಗೆ ತೋರಿಸಿದರು. “ಎದುರಾಳಿಗೆ ಗೊತ್ತಿಲ್ಲದೆ ಕೂತರೆ ಅದು ಕಳ್ಳತನ ಆಗ್ತದೆ. ನೀವು ಮೈಕಿಗೆ ಮಾತಾಡಿದ್ರೆ ಸಾಕು, ನನಗೆ ಕೇಳ್ತದೆ.” ವಕೀಲರು ಬಗ್ಗಿ ನೋಡಿದರು. ಒಳ್ಳೆಯದಾಯಿತು ಎಂದು ತಲೆಯಾಡಿಸಿದರು. ಸಭೆಗೆ ಮಾತ್ರ ಏನೂ ಗೊತ್ತಿರಲಿಲ್ಲ. ವಯರು ಜಮಖಾನದ ಅಡಿಯಲ್ಲಿತ್ತು.

ವಕೀಲರು ರಾಯಭಾರಿ, ಸಂಜೀವಣ್ಣ ರಾಜ. (ಪ್ರಸಂಗದ ಹೆಸರು ಹೇಳಿದರೆ ಅದರ ಮೇಲೆಯೇ ನಾಲ್ಕು ಪತ್ರ ಬರುತ್ತದೆ, ಬೇಡ.) ಮೊದಲ ಭಾಗದಲ್ಲಿ ನಾನು ಹಳೆಯ ಸಂಜೀವಣ್ಣನನ್ನು ನೋಡಿದೆ. “ಸಂಧಾನಕ್ಕೆ ಬಂದವನು ನಾನು” ಎಂದರು ವಕೀಲರು. “ಸಂಧಾನಕ್ಕೆ ಬಂದವನ ಹಿಂದೆ ಸೈನ್ಯದ ಧೂಳು ಯಾಕೆ ಕಾಣುತ್ತದೆ?” ಎಂದರು ರಾಜ. ಸಭೆ ಹೋ ಎಂದಿತು. ವಕೀಲರು ನೀರು ಕುಡಿದರು.

ಮತ್ತೊಂದು ಪದ ಆಯಿತು. ವಕೀಲರು ಮೈಕಿನ ಕೋಲನ್ನು ಕೈಯಿಂದ ಬದಿಗೆ ತಳ್ಳಿ, ಸಭೆಯ ಕಡೆಗೆ ಮುಖ ತಿರುಗಿಸಿದರು. “ಧರ್ಮದ ಮಾತಾಡುವವನ ಕಂಠಕ್ಕೆ ಯಂತ್ರದ ಹಂಗು ಬೇಕೇ?” ಎಂದರು. ಭರ್ಜರಿ ಚಪ್ಪಾಳೆ. ಹಾಲ್ ಸಣ್ಣದು, ವಕೀಲರ ಗಂಟಲು ದೊಡ್ಡದು. ಬಾಗಿಲಲ್ಲಿ ನಿಂತವರಿಗೂ ಕೇಳಿತು. ಅವರು ಮಾತಾಡಿದರು, ಕೊನೆಗೆ ಒಂದು ಪ್ರಶ್ನೆ ಹಾಕಿ ಸುಮ್ಮನಾದರು.

ಮಡಿಲಿನಲ್ಲಿ, ಶಾಲಿನ ಅಡಿಯ ಪೆಟ್ಟಿಗೆಯ ತಿರುಪನ್ನು ಸಂಜೀವಣ್ಣನ ಕೈ ಕೊನೆಯವರೆಗೂ ತಿರುಗಿಸುವುದು ನನಗೆ ಕಾಣುತ್ತಿತ್ತು. ಏನು ಏರಿಸಿದರೇನು? ಮೈಕಿಗೆ ಬೀಳದ ಮಾತು ಆಂಪ್ಲಿಫೈಯರಿಗೆ ಎಲ್ಲಿಂದ ಬರಬೇಕು? ಅವರ ಕಿವಿಯಲ್ಲಿ ಆಗ ಇದ್ದದ್ದು ಶ್ರುತಿಪೆಟ್ಟಿಗೆ ಮತ್ತು ನಾವು ಒಪ್ಪಿಕೊಂಡು ತಂದ ಆ ಗುಂಯ್.

ಅವರು ಸಭೆಯನ್ನು ನೋಡಿದರು. ಸಭೆ ಅವರನ್ನು ನೋಡಿತು. ಭಾಗವತರು ಪದ ಎತ್ತಿದರು.

ಬಸ್ಸಿನಲ್ಲಿ ನಾನು ಕಿಡಿಕಿಡಿಯಾಗಿದ್ದೆ. ನಾಳೆಯೇ ಬರೆಯುತ್ತೇನೆ, ನಿಮಗೆ ಕೇಳಿಸಲಿಲ್ಲ ಎಂದು ಊರಿಗೆಲ್ಲ ಸಾರುತ್ತೇನೆ ಎಂದು ಅವರ ಕಿವಿಗೆ ಬಾಯಿಟ್ಟು ಕೂಗಿದೆ.

“ಬೇಡ ಮಾರಾಯ. ಸೋತವನನ್ನು ಬರುವ ವರ್ಷ ಪುನಃ ಕರೀತಾರೆ. ಕೆಪ್ಪನನ್ನು ಯಾರು ಕರೀತಾರೆ?”

ಮರುದಿನ ನಾನು ಪೆನ್ನು ಮುಟ್ಟಲಿಲ್ಲ.

ಕಳೆದ ವಾರ ಪಡುಬಿದ್ರಿಯ ಕೂಟದವರು ಸಂಜೀವಣ್ಣನ ಹೆಸರು ಬಿಟ್ಟು ಬೇರೆಯವರನ್ನು ಹಾಕಿಕೊಂಡರು. ಪೆರ್ಡೂರಿನವರು ‘ಮುಂದೆ ನೋಡುವ’ ಎಂದರು. ನಾನು ಉದ್ಯಾವರಕ್ಕೆ ಹೋದಾಗ ಅವರು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ತಲೆಯೆತ್ತದೆ ಹೇಳಿದರು: “ಇನ್ನು ಬೇಕಾದ್ರೆ ಬರಿ.”

ಬರೆದಿದ್ದೇನೆ. ಚರ್ಚೆಯ ನಿಯಮ ನನಗೂ ಅನ್ವಯಿಸುತ್ತದೆ, ಎದುರು ಪಕ್ಷದ ವಾದವನ್ನೂ ಇಡಬೇಕು. ಅಂದು ಮೈಕು ಒಮ್ಮೆ ಕೀರಲಿಟ್ಟದ್ದು ನಿಜ. ಒಳ್ಳೆಯ ಕಂಠದವರು ಮೈಕನ್ನು ತಳ್ಳುವುದು ನಮ್ಮ ಕಡೆ ಹೊಸತೂ ಅಲ್ಲ. ಮಾತಿನ ಅಮಲಿನಲ್ಲಿ ಪೆಟ್ಟಿಗೆಯ ವಿಷಯ ಮರೆತುಹೋಗಿರಬಹುದು. ಎಲ್ಲವನ್ನೂ ಒಪ್ಪುತ್ತೇನೆ.

ಆದರೆ ವಕೀಲರೇ, ಮೈಕಿಗೆ ಕೈ ಹಾಕುವ ಮೊದಲು ನೀವು ಸಂಜೀವಣ್ಣನ ಮಡಿಲಿನ ಕಡೆಗೆ ಒಮ್ಮೆ ನೋಡಿದಿರಲ್ಲ, ಅದು ಯಾಕೆ?