ಬೇವಿನ ಬುಡದ ಕಾಲ್ಗಡಗ

ಚಳಿಗಾಲದ ನಸುಕಿನಲ್ಲಿ ತೊರಗಲ್ ಕೋಟೆಯ ಕೆಳಗಿನ ಹೊಲಗಳಲ್ಲಿ ನಮ್ಮ ನೆರೆಯವನು ಕಂಬಳಿ ಹೊದ್ದು, ಮೆಟಲ್ ಡಿಟೆಕ್ಟರ್ ಆಡಿಸುತ್ತ ಅಲೆಯುತ್ತಿದ್ದ. ಯಂತ್ರ ಕೂಗಿದರೆ ಮರಗಟ್ಟಿದ ಬೆರಳುಗಳಿಗೆ ಬಿಸಿಯುಸಿರು ಊದಿ ಅಗೆಯುತ್ತಿದ್ದ. ಯಾರಾದರೂ ಆಕ್ಷೇಪಿಸಿದರೆ, "ನೆಲದಾಗಿಂದು ಹುಡುಕಿದಾಂವಂದ್ರಿ" ಎನ್ನುತ್ತಿದ್ದ.

ಒಂದು ದಿನ ಅವನು ನಮ್ಮ ಹೊಲದ ಬೇವಿನ ಬುಡವನ್ನೇ ಅಗೆದ. ಹಸುಗೂಸಾಗಿ ತೀರಿಕೊಂಡ ನನ್ನ ತಂಗಿಯನ್ನು ಅವ್ವ, ಬೆಳ್ಳಿಯ ಕಾಲ್ಗಡಗವನ್ನೂ ಬಿಚ್ಚದೆ, ಅಲ್ಲಿಯೇ ಮಣ್ಣು ಮಾಡಿಸಿದ್ದಳು. ಆ ಕಡಗ ಈಗ ಅವನ ಅಂಗೈಯಲ್ಲಿತ್ತು.

"ಅದು ನನ್ನ ತಂಗೀದು. ಕೊಡೋ ಇಲ್ಲೆ!" ಎಂದು ಶಾಲೆಯಲ್ಲಿ ಹುಡುಗರನ್ನು ಗದರಿಸುವಂತೆಯೇ ಗದರಿದೆ.

"ಸಿಟ್ಟ್ಯಾಕ್ರಿ ಗುರುಗಳ? ಕೂಸು ಕೇಳಾಕ ಬರತೈತೇನ್ರಿ?" ಎಂದು ನಕ್ಕ.

ನಾನು ಕಡಗವನ್ನು ಕಿತ್ತುಕೊಂಡು, ಅವನೆದುರೇ ಮತ್ತೆ ಹೂತು ಮಣ್ಣು ಮುಚ್ಚಿದೆ. "ತಪ್ಪಾತ್ರಿ" ಎಂದು ಅವನು ಕೈಮುಗಿದು ಹೋದ.

ಮರುದಿನ ನಸುಕಿನಲ್ಲಿ, ಅದೇ ಬೇವಿನ ಬುಡದಲ್ಲಿ ಯಂತ್ರ ಕೂಗಿತು.